ದಾಲ್ ಮಿಲ್ ಬೇರಿಂಗ್‌ಗೆ ಡಿಎಲ್‌ಸಿ ಲೇಪನ ಹಾಕಿಸಿದರೆ ಬಾಳಿಕೆ ಜಾಸ್ತಿ ಆಗುತ್ತಾ?

ಸವೆತ ಕಡಿಮೆಯಾಗುತ್ತದೆ. ಆದರೆ ಭಾರ ಹೊತ್ತು ತಿರುಗಿ ತಿರುಗಿ ಉಕ್ಕು ದಣಿದು ಚಕ್ಕೆ ಏಳುತ್ತದಲ್ವಾ, ಅದನ್ನು ಈ ಲೇಪನ ಅಷ್ಟಾಗಿ ತಡೆಯುವುದಿಲ್ಲ.

ಡಿಎಲ್‌ಸಿ ಅಂದರೆ ವಜ್ರದಷ್ಟಲ್ಲದಿದ್ದರೂ ಬಹಳ ಗಟ್ಟಿಯಾದ ಕಾರ್ಬನ್ ಪದರ. ದಪ್ಪ ಸಾಮಾನ್ಯವಾಗಿ 1ರಿಂದ 3 ಮೈಕ್ರಾನ್. ತಲೆಗೂದಲೇ ಸುಮಾರು 70 ಮೈಕ್ರಾನ್ ಇರುತ್ತದೆ. ಬೇರಿಂಗ್ ಒಳಗಿನ ಗುಂಡು ಉರುಳುವಾಗ ಉಕ್ಕನ್ನು ಕತ್ತರಿಸುವಂಥ ಒತ್ತಡ ಜಾಸ್ತಿ ಇರುವುದು ಮೇಲ್ಮೈಯಲ್ಲಲ್ಲ, ಅದರಡಿ ಹತ್ತಾರು-ನೂರಾರು ಮೈಕ್ರಾನ್ ಕೆಳಗೆ. ಬಿರುಕು ಅಲ್ಲಿ ಹುಟ್ಟಿ ಮೇಲೆ ಬರುತ್ತದೆ. ಲೇಪನ ದಪ್ಪ ಮಾಡಿಸಿದರೆ? ಒಳಗಿನ ಬಿಗಿತ ಹೆಚ್ಚಾಗಿ ತಾನೇ ಕಿತ್ತು ಬರುತ್ತದೆ. ಕೆಳಗಿನ ಉಕ್ಕು ಮೆತ್ತಗಿದ್ದರಂತೂ ಹಾಸಿಗೆ ಮೇಲೆ ಹಪ್ಪಳ ಇಟ್ಟು ಒತ್ತಿದ ಹಾಗೆ.

ಎಣ್ಣೆ ಪದರ ತೆಳುವಾಗಿ ಉಕ್ಕಿಗೆ ಉಕ್ಕು ಉಜ್ಜುವ ಕಡೆ ಇದು ಹೆಚ್ಚು ಉಪಯೋಗ. ಅಲ್ಲಿ ದಣಿವು ಮೇಲ್ಮೈಯಿಂದಲೇ ಶುರುವಾಗುತ್ತದೆ.

ಕಲಬುರಗಿಯ ತೊಗರಿ ಮಿಲ್‌ಗಳಲ್ಲಿ ಕಾಳಿನ ಜೊತೆ ಬಂದ ಮಣ್ಣು, ಹೊಟ್ಟಿನ ಧೂಳು ಗ್ರೀಸಿಗೆ ಸೇರುತ್ತದೆ. ಅದರಲ್ಲಿನ ಮರಳಿನ ಕಣ ಗುಂಡಿನಡಿ ಸಿಕ್ಕಿ ಅದು ಓಡುವ ಹಾದಿಯಲ್ಲಿ ಸಣ್ಣ ಗುಳಿ ಒತ್ತುತ್ತದೆ. ನನ್ನ ಪ್ರಕಾರ ಮೊದಲು ಧೂಳು ಒಳಗೆ ಹೋಗದಂತೆ ತಡೆಯುವ ಸೀಲ್ ಬದಲಿಸಿ, ಹಳೇ ಗ್ರೀಸ್ ಪೂರ್ತಿ ತೆಗೆಸಿ, ಶಾಫ್ಟ್ ನೆಟ್ಟಗಿದೆಯಾ ನೋಡಿಸಿ. ಆಮೇಲೂ ಬೇರಿಂಗ್ ಬೇಗ ಹೋಗುತ್ತಿದ್ದರೆ ಲೇಪನಕ್ಕೆ ದುಡ್ಡು ಹಾಕಬಹುದು.