‘ಕುರುಡು’ ಎಂದರೆ ಅಜ್ಞಾನವೇ?

ಸಾಹಿತ್ಯದಲ್ಲಿ ಕುರುಡನ್ನು ಅಜ್ಞಾನದ ಸಂಕೇತವಾಗಿ ಬಳಸುವುದು ಸರಿಯೇ ಎಂದು ಕೇಳಿದ್ದೀರಿ. ಅದು ಹಳೆಯ ರೂಢಿ ಹೌದು. ಆದರೆ ನ್ಯಾಯವಾದ ರೂಢಿಯೆಂದು ನನಗೆ ಅನ್ನಿಸುವುದಿಲ್ಲ.

ಕುರುಡರು ಆನೆಯನ್ನು ಮುಟ್ಟಿ ನೋಡುವ ಅಂಧಗಜನ್ಯಾಯದ ಕಥೆಯಲ್ಲಿ ಒಬ್ಬನಿಗೆ ಆನೆ ಕಂಬ, ಇನ್ನೊಬ್ಬನಿಗೆ ಮೊರ. ಅಲ್ಲಿನ ತಪ್ಪು ಕಣ್ಣಿಲ್ಲದಿರುವುದಲ್ಲ, ಮುಟ್ಟಿದಷ್ಟೇ ಆನೆಯೆಂದು ಹಟ ಹಿಡಿಯುವುದು. ಜಂಬೂಸವಾರಿಯ ದಿನ ಮೈಸೂರಿನ ಸಯ್ಯಾಜಿರಾವ್ ರಸ್ತೆಯ ಅಂಚಿನಲ್ಲಿ ನಿಂತ ಕಣ್ಣುಳ್ಳವರಿಗೂ ಆನೆಯ ಒಂದು ಮಗ್ಗುಲಷ್ಟೇ ಕಾಣುತ್ತದೆ. ಮಹಾಭಾರತದ ಧೃತರಾಷ್ಟ್ರನಿಗೆ ವಿದುರನು ಮೊದಲೇ ಎಚ್ಚರಿಕೆ ಹೇಳಿದ್ದನು, ಯುದ್ಧವನ್ನು ಸಂಜಯನು ಕಣ್ಣಿಗೆ ಕಟ್ಟುವಂತೆ ವಿವರಿಸಿದನು. ಆದುದರಿಂದ ಅವನನ್ನು ಕೆಡಿಸಿದ್ದು ಪುತ್ರಮೋಹವೇ ಹೊರತು ಕಣ್ಣಲ್ಲ.

ದೇವರಾಜ ಮಾರುಕಟ್ಟೆಯಲ್ಲಿ ದೃಷ್ಟಿಯಿಲ್ಲದ ಹಿರಿಯರೊಬ್ಬರು ವೀಳ್ಯದೆಲೆ ಆರಿಸುವುದನ್ನು ನಾನು ಹತ್ತಿರದಿಂದ ನೋಡಿದ್ದೇನೆ. ಹೆಬ್ಬೆರಳು ಮತ್ತು ತೋರುಬೆರಳಿನ ನಡುವೆ ಎಲೆಯನ್ನು ಮೆಲ್ಲನೆ ಸವರಿ, ನಾನು ಎಳೆಯದೆಂದು ತಿಳಿದಿದ್ದ ಒಂದನ್ನು ‘ಇದು ಬಲಿತಿದೆ’ ಎಂದು ಪಕ್ಕಕ್ಕಿಟ್ಟರು. ಅಂಧ ಮತ್ತು ಕಿವುಡ ಮಕ್ಕಳಿಗಾಗಿ 1901ರಷ್ಟು ಹಿಂದೆಯೇ ಶಾಲೆ ಆರಂಭವಾದ ಈ ಊರಿನಲ್ಲಿ, ಆರು ಉಬ್ಬುಚುಕ್ಕೆಗಳ ಬ್ರೈಲ್ ಲಿಪಿಯಲ್ಲಿ ಕನ್ನಡವನ್ನು ಓದುವುದೂ ಅಂಥ ಬೆರಳ ತುದಿಗಳೇ.