ಒಂದು ಮೈನಸ್ ಎಷ್ಟು ಪದಗಳಿಗೆ?

ಪ್ರಶ್ನೆ: 5 − 2(ಯ − 3) = 3ಯ + 1 ಬಿಡಿಸಿದರೆ ನನಗೆ ಯ = −2/5 ಬರುತ್ತದೆ. ಪುಸ್ತಕದಲ್ಲಿ ಉತ್ತರ 2 ಎಂದಿದೆ. ಆಚೆ ಈಚೆ ಸಾಗಿಸುವಾಗ ಚಿಹ್ನೆಗಳನ್ನೆಲ್ಲ ಸರಿಯಾಗಿಯೇ ಬದಲಿಸಿದ್ದೇನೆ. ಭಿನ್ನರಾಶಿ ಬಂದರೂ ಇದೇ ಗೋಳು. ತಪ್ಪುತ್ತಿರುವುದು ಎಲ್ಲಿ?

ಉತ್ತರ: ಪಕ್ಷಾಂತರದಲ್ಲಿ ಅಲ್ಲ, ಅದಕ್ಕೂ ಮೊದಲು. ನಿಮ್ಮ ಎರಡನೇ ಸಾಲು 5 − 2ಯ − 6 = 3ಯ + 1 ಎಂದಿರಬೇಕು; −2/5 ಹುಟ್ಟುವುದು ಅಲ್ಲಿಂದಲೇ. ಆವರಣವನ್ನು ಗುಣಿಸುವುದು 2 ಅಲ್ಲ, −2. ಮೊದಲ ಪದಕ್ಕೆ ಮೈನಸ್ ಹಚ್ಚಿ, ಎರಡನೆಯದಕ್ಕೆ ಬರುವಾಗ ಮರೆತಿದ್ದೀರಿ. (−2) × (−3) = +6. ಹೀಗೆ ಸಾಗಬೇಕು:

5 − 2ಯ + 6 = 3ಯ + 1
11 − 2ಯ = 3ಯ + 1
10 = 5ಯ
ಯ = 2

ಮೂರನೇ ಸಾಲಿಗೆ ಬರುವಾಗ ಎರಡೂ ಬದಿಗೆ 2ಯ ಕೂಡಿಸಿ, ಎರಡೂ ಬದಿಯಿಂದ 1 ಕಳೆದಿದ್ದೇವೆ. ‘ಆಚೆ ಹೋದರೆ ಚಿಹ್ನೆ ಬದಲು’ ಎಂಬುದು ಇದರದೇ ಅಡ್ಡದಾರಿ. ಅದನ್ನೇ ಬಾಯಿಪಾಠ ಮಾಡಿದವರು 10 = 5ಯ ಕಂಡೊಡನೆ 10 − 5 ಬರೆದುಬಿಡುತ್ತಾರೆ! ಇಲ್ಲಿ 5 ಗುಣಿಸುತ್ತಿದೆ, ಆದ್ದರಿಂದ ಭಾಗಿಸಬೇಕು.

ಇನ್ನು ಭಿನ್ನರಾಶಿ. ಅಡ್ಡಗೆರೆಯೂ ಕಣ್ಣಿಗೆ ಕಾಣದ ಆವರಣವೇ. (ಯ + 1)/2 − (ಯ − 2)/3 = 2 ಎಂದಿರಲಿ. 2 ಮತ್ತು 3ರ ಲಸಾಅ 6. ಪ್ರತಿಯೊಂದು ಪದವನ್ನೂ 6ರಿಂದ ಗುಣಿಸಿ, ಬಲಗಡೆಯ 2ನ್ನೂ ಬಿಡಬೇಡಿ:

3(ಯ + 1) − 2(ಯ − 2) = 12
3ಯ + 3 − 2ಯ + 4 = 12
ಯ = 5

+4ರ ಜಾಗದಲ್ಲಿ −4 ಬರೆದರೆ 13 ಬರುತ್ತದೆ. ಬಲಗಡೆ 12 ಮಾಡದೆ 2ನ್ನೇ ಉಳಿಸಿಕೊಂಡರೆ −5. ಅಂಶಗಳಿಗೆ ಮೊದಲು ಆವರಣ ಹಾಕಿಕೊಂಡು, ಆಮೇಲೆ ಛೇದ ತೆಗೆಯಿರಿ. ಒಂದು ಸಾಲು ಹೆಚ್ಚಾದರೆ ಆಗಲಿ.

ತಾಳೆ ನೋಡುವುದು ಮಾತ್ರ ಕೊಟ್ಟ ಸಮೀಕರಣದಲ್ಲೇ ಆಗಬೇಕು. ನಿಮ್ಮ −2/5ನ್ನು ನಿಮ್ಮದೇ ಎರಡನೇ ಸಾಲಿಗೆ ಹಾಕಿ ನೋಡಿ: ಎರಡೂ ಬದಿ −1/5, ಎಲ್ಲವೂ ಸರಿಯಿದ್ದಂತೆ ಕಾಣುತ್ತದೆ. ಮೂಲ ಸಮೀಕರಣಕ್ಕೆ ಹಾಕಿದರೆ ಎಡಗಡೆ 59/5, ಬಲಗಡೆ −1/5. ಅದೇ 2 ಹಾಕಿದರೆ ಎರಡೂ ಕಡೆ 7.