ಪಂಪ್‌ಸೆಟ್ಟಿಗೆ ಯಾವ ಚಿಪ್?

ಪ್ರಶ್ನೆ: ಡಿಪ್ಲೊಮಾ ಓದುತ್ತಿದ್ದೇನೆ. ಲ್ಯಾಬಿನಲ್ಲಿ 8085 ಮೈಕ್ರೊಪ್ರೊಸೆಸರ್ ಕಿಟ್ ಬಳಸಿದ್ದೇವೆ. ತೋಟದ ಟ್ಯಾಂಕ್ ತುಂಬಿದಾಗ ಮೋಟರ್ ತಾನೇ ಆಫ್ ಆಗುವಂತೆ ಪ್ರಾಜೆಕ್ಟ್ ಮಾಡಬೇಕು. ಒಬ್ಬರು ಆರ್ಡುಯಿನೊ ಸಾಕು ಅಂತಾರೆ, ಇನ್ನೊಬ್ಬರು ರಾಸ್ಪ್‌ಬೆರಿ ಪೈ, ಮತ್ತೊಬ್ಬರು ಎಫ್‌ಪಿಜಿಎ. ಎಲ್ಲವೂ ಮೈಕ್ರೊಪ್ರೊಸೆಸರೇ ಅಲ್ವಾ?

ಉತ್ತರ: ಅಲ್ಲ. ನಿಮ್ಮ ಲ್ಯಾಬಿನ ಕಿಟ್ಟನ್ನೇ ಇನ್ನೊಮ್ಮೆ ನೋಡಿ. ಲೆಕ್ಕ ಮಾಡುವುದು 8085. ಪ್ರೋಗ್ರಾಂ ಇರುವುದು ಪಕ್ಕದ ಮೆಮೊರಿ ಚಿಪ್‌ಗಳಲ್ಲಿ. ಹೊರಗಿನ ಸ್ವಿಚ್ಚು, ಎಲ್‌ಇಡಿಗಳನ್ನು ನೋಡಿಕೊಳ್ಳುವುದು 8255 ಅನ್ನೋ ಇನ್ನೊಂದು ಚಿಪ್. 8085ರ ಎಂಟು ಪಿನ್‌ಗಳಂತೂ ಮೊದಲು ವಿಳಾಸ ಕಳಿಸಿ, ಆಮೇಲೆ ಅದೇ ದಾರಿಯಲ್ಲಿ ಡೇಟಾ ಸಾಗಿಸುತ್ತವೆ. ಅಷ್ಟರಲ್ಲಿ ವಿಳಾಸವನ್ನು ಹಿಡಿದಿಟ್ಟುಕೊಳ್ಳಲಿಕ್ಕೇ 74373 ಲ್ಯಾಚ್ ಚಿಪ್. ಇವನ್ನೆಲ್ಲ ಕಿತ್ತರೆ 8085 ಸುಮ್ನೆ ಕೂತಿರುತ್ತದೆ.

ಈ ಸಂಸಾರವನ್ನು ಒಂದೇ ಚಿಪ್ಪಿಗೆ ತುಂಬಿದರೆ ಅದು ಮೈಕ್ರೊಕಂಟ್ರೋಲರ್. ಆರ್ಡುಯಿನೊ ಊನೊ ಆರ್3 ಬೋರ್ಡಿನಲ್ಲಿರುವ ಎಟಿಮೆಗಾ328ಪಿ ಅಂಥದ್ದು. ಪ್ರೋಗ್ರಾಂ ಇಡಲು 32 ಕೆಬಿ ಫ್ಲ್ಯಾಶ್ ಮೆಮೊರಿ, 2 ಕೆಬಿ ರ‍್ಯಾಮ್. ಮೊಬೈಲ್ ಹಿಡಿದ ಕೈಗೆ ನಗು ಬರಬಹುದು. ಟ್ಯಾಂಕ್ ತುಂಬಿತಾ ಅಂತ ನೋಡುವುದಕ್ಕೆ ಇದೇ ಜಾಸ್ತಿ.

ಪೈ ಪೂರ್ತಿ ಕಂಪ್ಯೂಟರ್. ಸಾಮಾನ್ಯವಾಗಿ ಲಿನಕ್ಸ್ ಮೇಲೆ ಓಡುತ್ತದೆ, ಏಳುವುದಕ್ಕೆ ಹೊತ್ತು ಬೇಕು. ತೋಟದ ಕರೆಂಟು ಹೇಳದೆ ಕೇಳದೆ ಹೋಗಿ ಬರುತ್ತದೆ. ಎಸ್‌ಡಿ ಕಾರ್ಡಿಗೆ ಬರೆಯುತ್ತಿರುವಾಗ ಹೋದರೆ ಫೈಲ್ ಕೆಟ್ಟು, ಮುಂದಿನ ಸಲ ಪೈ ಏಳದೆಯೂ ಇರಬಹುದು. ಆರ್ಡುಯಿನೊ ಒಂದೆರಡು ಸೆಕೆಂಡಿನಲ್ಲಿ ಕೆಲಸಕ್ಕೆ ನಿಲ್ಲುತ್ತದೆ. ಕ್ಯಾಮೆರಾ ಹಾಕಿ ಹಂದಿ ಬಂತಾ ಅಂತ ಗುರುತಿಸುವ ಆಸೆ ಇದ್ದರೆ ಮಾತ್ರ ಪೈ ತಗೊಳ್ಳಿ.

ಎಫ್‌ಪಿಜಿಎ ಮರೆತುಬಿಡಿ. ಅಲ್ಲಿ ಒಳಗಿನ ಸರ್ಕೀಟನ್ನೇ ನಮಗೆ ಬೇಕಾದಂತೆ ಜೋಡಿಸಿಕೊಳ್ಳುತ್ತೇವೆ. ಅತಿ ವೇಗದ ಹಲವು ಸಿಗ್ನಲ್‌ಗಳನ್ನು ಒಟ್ಟಿಗೆ ಸಂಭಾಳಿಸುವ ಕಡೆ ಅದು ಬೇಕು. ನೀರಿನ ಟ್ಯಾಂಕಿಗಲ್ಲ.

ಚಿಪ್ಪಿಗಿಂತ ಹೆಚ್ಚು ತಲೆ ಕೆಡಿಸಿಕೊಳ್ಳಬೇಕಾದ್ದು ಮೋಟರ್ ಕಡೆಯ ಬಗ್ಗೆ. ಊನೊದ ಒಂದು ಪಿನ್ನಿಗೆ 20 ಮಿಲಿಆಂಪಿಯರ್ ಮೀರಿ ಹೊರಿಸಬೇಡಿ, ನಡುವೆ ರಿಲೇ ಮಾಡ್ಯೂಲ್ (ಸಣ್ಣ ಸಿಗ್ನಲ್ಲಿಗೆ ದೊಡ್ಡ ಕರೆಂಟನ್ನು ಆನ್-ಆಫ್ ಮಾಡುವ ಸ್ವಿಚ್ಚು) ಹಾಕಿ. ಸ್ಟಾರ್ಟರ್‌ನ ಕಾಂಟ್ಯಾಕ್ಟರ್ (ಮೋಟರಿನ ಕರೆಂಟನ್ನು ಜೋಡಿಸಿ ಕಡಿಯುವ ಸ್ವಿಚ್ಚು) ಬಿಟ್ಟು ಹಿಡಿಯುವಾಗ ಹುಟ್ಟುವ ವಿದ್ಯುತ್ ನಾಯ್ಸ್‌ಗೆ ಪ್ರೋಗ್ರಾಂ ಅಲ್ಲೇ ಹ್ಯಾಂಗ್ ಆಗಬಹುದು. ಹಾಗಾದರೆ ಟ್ಯಾಂಕ್ ಉಕ್ಕುತ್ತಲೇ ಇರುತ್ತದೆ. ಅದಕ್ಕೇ ಚಿಪ್ಪಿನಲ್ಲಿ ವಾಚ್‌ಡಾಗ್ ಟೈಮರ್ ಇದೆ. ಪ್ರೋಗ್ರಾಂ ಆಗಾಗ ಅದನ್ನು ತಟ್ಟದಿದ್ದರೆ ಚಿಪ್ಪನ್ನೇ ರೀಸೆಟ್ ಮಾಡುತ್ತದೆ. ಅದನ್ನು ಮರೆಯದೆ ಆನ್ ಮಾಡಿ. ಆರ್ಡುಯಿನೊ ಸತ್ತರೆ ರಿಲೇ ಬಿಟ್ಟುಕೊಂಡು ಮೋಟರ್ ನಿಲ್ಲುವ ಹಾಗೆ ಇರಲಿ ಜೋಡಣೆ. ಸ್ಟಾರ್ಟರ್ ಒಳಗಿನ ತ್ರೀ ಫೇಸ್ ವೈರಿಂಗನ್ನು ಮಾತ್ರ ನೀವು ಮುಟ್ಟಬೇಡಿ, ಲೈಸೆನ್ಸ್ ಇರುವ ಎಲೆಕ್ಟ್ರಿಷಿಯನ್ ಕೈಲೇ ಮಾಡಿಸಿ.